ಬೋರಾಳ ಅಮ್ಮನಿಗಿಟ್ಟ ಕಡುಬು

ಗವಿಪುರದಲ್ಲಿ ಅಲಮೇಲು ಟೀಚರ್ ಎಂದರೆ ತರಕಾರಿ ಗಾಡಿಯವನೂ ದನಿ ತಗ್ಗಿಸಿ ಮಾತಾಡುತ್ತಾನೆ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಕೋಪಕ್ಕೆ ಮಾತ್ರ ನಿವೃತ್ತಿಯಿಲ್ಲ, ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಗಾಂಧಿ ಬಜಾರಿನಲ್ಲಿ ಕೈ ಮಡಚಿ ಮೊಳ ಅಳೆದ ಹೂವಿನವಳಿಂದ ದಂಡೆ ಕಿತ್ತುಕೊಂಡು, ಮೊಳ ಎಂದರೆ ಎಷ್ಟೆಂದು ಬೀದಿಗೆಲ್ಲ ಕೇಳುವಂತೆ ಪಾಠ ಮಾಡಿದವರು ಇವರೇ.

ಆದರೆ ಈ ಭಾದ್ರಪದದಲ್ಲಿ ಅವರ ಹೊಟ್ಟೆ ಉರಿಯುತ್ತಿದ್ದುದಕ್ಕೆ ನಿಜವಾದ ಕಾರಣವಿತ್ತು. ಪಿತೃಪಕ್ಷ ಹತ್ತಿರ ಬಂದಿತ್ತು, ತಮ್ಮ ವೆಂಕಟಾಚಲನಿಂದ ಫೋನ್ ಬಂದಿರಲಿಲ್ಲ. ಮೊದಲೆಲ್ಲ ಅಮ್ಮನ ಪಕ್ಷವನ್ನು ಮಲ್ಲೇಶ್ವರದ ತನ್ನ ಮನೆಯಲ್ಲೇ ಮಾಡುತ್ತಿದ್ದ. ಅಲಮೇಲು ಬೆಳಿಗ್ಗೆಯೇ ಹೋಗಿ ವಡೆಗೆ ರುಬ್ಬಿ, ಬ್ರಾಹ್ಮಣರ ಊಟವಾದ ಮೇಲೆ ಅಮ್ಮನ ಹೆಸರಿನ ಅನ್ನ ಉಂಡು ಬರುತ್ತಿದ್ದರು. ವರ್ಷದಲ್ಲಿ ಅದೊಂದು ಊಟಕ್ಕೆ ಅವರು ಕಾಯುತ್ತಿದ್ದರು. ಆಮೇಲೆ ಅವನು ಅದನ್ನೆಲ್ಲ ಶ್ರಾದ್ಧ ಮಾಡಿಸುವ ಒಂದು ಹಾಲ್‌ಗೆ ಗುತ್ತಿಗೆ ಕೊಟ್ಟ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡೂ ಸಲ ಒಂದೇ ಮಾತು: “ಅಲ್ಲಿ ಎಲೆ ಲೆಕ್ಕ ಅಕ್ಕ, ಹೊರಗಿನೋರನ್ನ ಕರೆಯೋ ಹಾಗಿಲ್ಲ.”

ಹೊರಗಿನವರಂತೆ! ಅಮ್ಮ ಕೊನೆಗಾಲದಲ್ಲಿ ಹಾಸಿಗೆ ಹಿಡಿದದ್ದು ಯಾರ ಮನೆಯಲ್ಲಿ? ಈ ಸಲವಾದರೂ ಕರೆಯುತ್ತಾನೋ ಇಲ್ಲವೋ ಎಂದು ಅಲಮೇಲು ಫೋನನ್ನು ಬಚ್ಚಲುಮನೆಯ ಬಾಗಿಲವರೆಗೂ ಹಿಡಿದುಕೊಂಡೇ ಓಡಾಡುತ್ತಿದ್ದರು. ತಾವಾಗಿ ಕೇಳುವುದಕ್ಕೆ ಅಭಿಮಾನ ಅಡ್ಡ.

ಹುಣ್ಣಿಮೆಯ ಹಿಂದಿನ ಸಂಜೆ ಮಹಡಿಯ ಬಾಡಿಗೆಯ ಹುಡುಗಿ ಬೋರಾ ಇಡ್ಲಿ ಪಾತ್ರೆ ಕೇಳಿಕೊಂಡು ಕೆಳಗೆ ಬಂದಳು. ಕೊರಿಯಾದವಳು. ಅಲ್ಲಿಯ ಸೀರಿಯಲ್ಲುಗಳಿಗೆ ಮರುಳಾದ ಹುಡುಗ ಹುಡುಗಿಯರಿಗೆ ಜಯನಗರದಲ್ಲಿ ಆ ಭಾಷೆ ಕಲಿಸುತ್ತಾಳೆ, ತಾನು ಹರಕುಮುರುಕು ಕನ್ನಡ ಕಲಿತಿದ್ದಾಳೆ. ಮನೆ ಕೊಡುವಾಗಲೇ ಅಲಮೇಲು ಮೀನು, ಮಾಂಸ, ಮೊಟ್ಟೆ, ಮದ್ಯ ಯಾವುದೂ ಹೊಸಿಲು ದಾಟಕೂಡದೆಂದು ಹೇಳಿದ್ದರು. ಬೋರಾ ಎಲ್ಲಕ್ಕೂ ತಲೆಬಾಗಿಸಿದ್ದಳು. ಯುಗಾದಿಯ ಹೊತ್ತಿಗೆ ಅವಳ ತಾಯಿ ತೀರಿಕೊಂಡಿದ್ದರು. ವಿಮಾನ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನಾಳೆ ಚುಸೊಕ್, ಆಂಟಿ. ಹೊಸ ಅಕ್ಕಿ ಹಬ್ಬ. ನಮ್ ದೇಶದಲ್ಲಿ ಎಲ್ರೂ ಮನೆಗೆ ಹೋಗ್ತಾರೆ. ನಂಗೆ ರಜಾ ಕೊಟ್ಟಿಲ್ಲ. ಅಮ್ಮಂಗೆ ಇಲ್ಲೇ ಊಟ ಇಡ್ತೀನಿ. ಫಸ್ಟ್ ಟೈಮ್.”

“ರಜಾ ಕೊಡದೆ ಇರೋಕೆ ಅವ್ರಿಗೇನು ಧಾಡಿ?” ಎಂದು ಅಲಮೇಲು ಆ ಕ್ಲಾಸಿನವರಿಗೆ ಬೈದು, ಇಡ್ಲಿ ಪಾತ್ರೆಯ ಜೊತೆಗೆ ಒಂದು ಡಬ್ಬಿ ಎಳ್ಳನ್ನೂ ಕೊಟ್ಟು ಕಳಿಸಿದರು. ಅಕ್ಕಿ ಹಿಟ್ಟಿನೊಳಗೆ ಎಳ್ಳು ತುಂಬಿ ಹಬೆಯಲ್ಲಿ ಬೇಯಿಸುವುದಂತೆ. ನಮ್ಮ ಗಣೇಶನ ಕಡುಬೇ ಅಲ್ಲವೇ ಎಂದುಕೊಂಡರು.

ಬೆಳಿಗ್ಗೆ ಆ ಅಮ್ಮನ ಪಟಕ್ಕೊಂದು ಹೂವಿರಲಿ ಎಂದು ಸೇವಂತಿಗೆ ಹಿಡಿದು ಮಹಡಿ ಹತ್ತಿದರು. ಬಾಗಿಲು ತೆರೆದಿತ್ತು. ಬೋರಾ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು, ಮಾತಿನ ನಡುವೆ ಅಳು. ಹೊರಗೆ ಮಣೆಯ ಮೇಲೆ ಪಟ, ಮುಗಿಯುತ್ತ ಬಂದ ಊದುಬತ್ತಿ, ಪಲ್ಯಗಳು, ಒಂದು ಲೋಟ ಎಳನೀರು, ತಟ್ಟೆಯಲ್ಲಿ ಬೆಳ್ಳಗಿನ ಅಕ್ಕಿಯ ಉಂಡೆಗಳು. ಕೆಲವು ಒಡೆದು ಎಳ್ಳು ಕಾಣುತ್ತಿತ್ತು.

ಸತ್ತವರ ಮುಂದೆ ಅಕ್ಕಿಯ ಉಂಡೆ, ಜೊತೆಗೆ ಎಳ್ಳು! ಅಲಮೇಲುಗೆ ಇನ್ನೇನು ಕಂಡೀತು? ನಿನ್ನೆ ಕಡುಬು ಎಂದುಕೊಂಡದ್ದು ಮರೆತು ಪಿಂಡವೇ ಕಂಡಿತು. ಪಿಂಡವನ್ನು ಮನುಷ್ಯರು ಮುಟ್ಟುವುದಿಲ್ಲ. ಅದು ಹಸುವಿಗೆ, ನೀರಿಗೆ, ಇಲ್ಲವೇ ಕಾಗೆಗೆ. ಪಾಪ, ಪರದೇಶದ ಮಗು, ಮುಂದಿನದ್ದನ್ನು ಹೇಳಿಕೊಡುವ ಹಿರಿಯರು ಇಲ್ಲಿ ಯಾರಿದ್ದಾರೆ? ಪಟಕ್ಕೆ ಹೂವಿಟ್ಟು ಕೈಮುಗಿದು, ತಟ್ಟೆಯನ್ನೂ ಪಲ್ಯಗಳನ್ನೂ ಎತ್ತಿಕೊಂಡು ಟೆರೇಸಿನ ಕಟ್ಟೆಯ ಮೇಲೆ ಸುರಿದು “ಕಾ ಕಾ” ಎಂದು ಕರೆದರು. ಪಕ್ಕದ ತೆಂಗಿನ ಮರದಿಂದ ಕಾಗೆಗಳು ಹಿಂಡುಹಿಂಡಾಗಿ ಇಳಿದವು. ತಡಮಾಡದೆ ಬಂದವಲ್ಲ, ಆ ತಾಯಿಗೆ ತೃಪ್ತಿಯಾಯಿತು ಎಂದು ಅಲಮೇಲು ಕಣ್ಣೊರೆಸಿಕೊಂಡರು.

ಬೋರಾ ಹೊರಗೆ ಬಂದವಳು ಪಟದ ಮುಂದಿನ ಖಾಲಿ ಜಾಗ ನೋಡಿದಳು, ಟೆರೇಸ್ ನೋಡಿದಳು. ಕಿರುಚಿದ ದನಿಗೆ ಕಾಗೆಗಳೆಲ್ಲ ಮೇಲೆದ್ದವು.

“ಏನ್ ಮಾಡಿದ್ರಿ ಆಂಟಿ!”

“ಯಾಕೆ ಹಾಗೆ ಕೂಗ್ತೀಯೆ? ಪಿಂಡ ಇಟ್ಮೇಲೆ ಕಾಗೆಗೆ ಹಾಕ್ಬೇಡ್ವಾ?”

“ಪಿಂಡ ಅಂದ್ರೆ ಏನು? ಇದು ಊಟ! ಅಮ್ಮ ಫಸ್ಟ್ ತಿಂತಾರೆ, ಆಮೇಲೆ ನಾನು ತಿನ್ಬೇಕು. ಅಮ್ಮನ ಜೊತೆ ಊಟ ಅದು!” ಅವಳ ಮುಖ ಕೆಂಪೇರಿತ್ತು. “ಮೀನು ಬೇಡ ಅಂದ್ರಿ. ಅಮ್ಮಂಗೆ ಮೀನೇ ಇಷ್ಟ, ಆದ್ರೂ ಇಡ್ಲಿಲ್ಲ. ವೈನ್ ಬೇಡ ಅಂದ್ರಿ, ಎಳನೀರು ಇಟ್ಟೆ. ಮೊಟ್ಟೆ ಇಲ್ಲ, ಏನೂ ಇಲ್ಲ. ಎಲ್ಲಾ ನಿಮ್ ರೂಲ್. ತಿನ್ನೋದು ಒಂದೇ ನಂದು. ಅದನ್ನೂ ಕಾಗೆಗೆ ಕೊಟ್ರಿ!”

“ಸತ್ತೋರ ಮುಂದೆ ಇಟ್ಟಿದ್ದನ್ನ ಯಾರಾದ್ರೂ ತಿಂತಾರೇನೆ? ಒಳ್ಳೇದು ಮಾಡೋಕೆ ಬಂದ್ರೆ ನನ್ನ ಮನೇಲಿ ನಿಂತು ನನ್ಮೇಲೇ ಕೂಗ್ತೀಯಾ?”

ಬೋರಾ ಬಾಗಿಲು ಹಾಕಿಕೊಂಡಳು. ಧಡ್ ಎಂದು, ಅವರ ಮುಖದ ಮೇಲೇ.

ಅಲಮೇಲು ಮೆಟ್ಟಿಲಿಳಿಯುವಷ್ಟರಲ್ಲಿ ಮನೆ ಖಾಲಿ ಮಾಡಿಸುವುದೆಂದು ತೀರ್ಮಾನಿಸಿಯಾಗಿತ್ತು. ಅಡಿಗೆಮನೆಯಲ್ಲಿ ಸೌಟು, ತಟ್ಟೆ, ಮುಚ್ಚಳ ಎಲ್ಲವೂ ಏಟು ತಿಂದವು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ. ಎಷ್ಟು ಕುಕ್ಕಿದರೂ ಒಂದು ಮಾತು ಮಾತ್ರ ಕಿವಿಯಿಂದ ಹೋಗಲೊಲ್ಲದು. ಅಮ್ಮನ ಜೊತೆ ಊಟ. ಎರಡು ವರ್ಷದಿಂದ ತಾವು ಹಲುಬುತ್ತಿರುವುದು ಇನ್ಯಾವುದಕ್ಕೆ? ತಮ್ಮ ತನಗೆ ಮಾಡಿದ್ದನ್ನೇ ತಾನು ಈ ಹುಡುಗಿಗೆ ಮಾಡಿದೆ. ಅವನು ಎಲೆ ಹಾಕಲಿಲ್ಲ, ನಾನೋ, ಅವಳು ಹಾಕಿದ್ದ ಎಲೆಯನ್ನೇ ಎತ್ತಿಬಿಟ್ಟೆ. ಥೂ, ನನ್ನ ಬುದ್ಧಿಗಿಷ್ಟು!

ಅಭಿಮಾನ ಹಾಳಾಗಿ ಹೋಗಲಿ ಎಂದು ಫೋನ್ ಎತ್ತಿಕೊಂಡರು.

“ವೆಂಕಟಾ, ಅಮ್ಮನ ಪಕ್ಷ ಯಾವತ್ತು?”

“ನವಮಿಗೆ ಅಕ್ಕ. ಅದೇ ಹಾಲ್‌ನಲ್ಲಿ. ಹೇಳಿದ್ನಲ್ಲ, ಅಲ್ಲಿ ಎಲೆ ಲೆಕ್ಕ. ಅಲ್ದೆ ನೀನು ಬೇರೆ ಗೋತ್ರಕ್ಕೆ ಹೋದೋಳು…”

“ಗೋತ್ರನಾ? ಅಮ್ಮನ್ನ ತಂದು ನನ್ನ ಮನೇಲಿ ಮಲಗಿಸಿ ಹೋದ್ಯಲ್ಲ, ಅವತ್ತು ಎಲ್ಲೋ ಹೋಗಿತ್ತು ಗೋತ್ರ? ಅವಳ ಹೇಲುಚ್ಚೆ ಬಾಚ್ಬೇಕಾದ್ರೆ ಯಾವ ಗೋತ್ರ ಅಂತ ಕೇಳಿದ್ಯಾ? ಕಾಗೆಗೆ ಪಿಂಡ ಇಟ್ಟು ಬಾ ಬಾ ಅಂತ ಕೈಮುಗಿದು ಕರೀತೀಯಲ್ಲ, ಅದ್ರದ್ದು ಯಾವ ಗೋತ್ರವೋ?”

“ಅಕ್ಕ, ಕೂಗ್ಬೇಡ, ಪಕ್ಕದಲ್ಲಿ ಜನ ಇದಾರೆ…”

“ಕೇಳಿಸ್ಕೊಳ್ಲಿ. ನವಮಿಗೆ ಬರ್ತೀನಿ. ನಂಗೂ ಒಂದು ಎಲೆ ಹಾಕ್ಸು. ಹಾಕ್ಸದೆ ಇದ್ರೆ ನಿನ್ನ ಎಲೆಗೇ ಕೈ ಹಾಕಿ ತಿಂತೀನಿ, ನೋಡ್ತಿರು.”

“ಆಯ್ತು ಮಾರಾಯ್ತಿ, ಬಾ,” ಎಂದ ವೆಂಕಟಾಚಲ.

ಗೆದ್ದದ್ದಾಯಿತು. ಎರಡು ವರ್ಷ ನುಂಗಿಕೊಂಡಿದ್ದದ್ದು ಎರಡು ನಿಮಿಷದ ಜಗಳಕ್ಕೆ ಬಗೆಹರಿಯಿತು. ಅದೇ ಬಿಸಿಯಲ್ಲಿ ಅಲಮೇಲು ಅಕ್ಕಿ ಹಿಟ್ಟಿನ ಡಬ್ಬಿ, ಎಳ್ಳು, ಬೆಲ್ಲ ಎಲ್ಲವನ್ನೂ ಸೆರಗಿನಲ್ಲಿ ಹಾಕಿಕೊಂಡು ಮತ್ತೆ ಮಹಡಿ ಹತ್ತಿ ಬಾಗಿಲು ತಟ್ಟಿದರು. ಬೋರಾ ತೆರೆದಳು. ಅವಳ ಕಣ್ಣು ಊದಿತ್ತು.

“ತಗೋ. ಇನ್ನೊಂದ್ಸಲ ಮಾಡು. ಬೇಕಾದ್ರೆ ಮೀನೂ ಬೇಯಿಸ್ಕೋ, ನಾನು ಈ ಕಡೆ ತಲೆ ಹಾಕೋಲ್ಲ. ಅಮ್ಮನ್ನ ಕರೆದು ಇಬ್ರೂ ಕೂತು ಊಟ ಮಾಡಿ.”

ಬೋರಾ ಡಬ್ಬಿ ತೆಗೆದುಕೊಂಡಳು, ತಲೆಬಾಗಿಸಿದಳು. ಮನೆ ನೋಡಲು ಬಂದ ದಿನ ಎಲ್ಲ ನಿಯಮಗಳಿಗೂ ಬಾಗಿಸಿದ್ದಳಲ್ಲ, ಹಾಗೆಯೇ. ಈಗ ಅವಳ ದನಿಯಲ್ಲಿ ಕೋಪವಿರಲಿಲ್ಲ. ಅಲಮೇಲುಗೆ ಅದೇ ತಡೆಯಲಾಗಲಿಲ್ಲ.

“ಆಗಲ್ಲ ಆಂಟಿ,” ಎಂದಳು. “ಬೆಳಿಗ್ಗೆ ಒಂದೇ ಸಲ ಕರೆಯೋದು. ಅಮ್ಮ ಬಂದು ಒಬ್ರೇ ಊಟ ಮಾಡಿ ಹೋದ್ರು.”