ನಾರಿದ್ದು ನಮ್ಮ ಮನೆಯ ಗೋಧಿ

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ನಮ್ಮ ವಯಸ್ಸಿನವರು ಆಗಾಗ ಒಂದು ಮಾತು ತೆಗೆಯುತ್ತಾರೆ. "ಈ ಮೊಬೈಲ್‌ನಾಗ ಜನ ಎಷ್ಟು ಹೊಲಸು ಬರೀತಾರಪ್ಪಾ! ಬಣ್ಣ ನೋಡಿ ಬೈತಾರೆ, ಮೂಗು ನೋಡಿ ಬೈತಾರೆ. ಯಾರಿವರು? ಎಲ್ಲಿ ಕುಂತು ಬರೀತಾರೆ?"

ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತೇನೆ. ಎಲ್ಲರ ವಿಷಯ ನನಗೆ ಗೊತ್ತಿಲ್ಲ. ಒಬ್ಬನದು ಗೊತ್ತು. ಅವನು ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು, ಎರಡನೇ ಲೋಟ ಚಹಾ ಕುಡಿಯುತ್ತಾ ಬರೆದ. ಅವನು ನಾನೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹರಿಹರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದೆ. ಲೇತ್ ಯಂತ್ರದಿಂದ ಬಂದ ಕಬ್ಬಿಣದ ತುಂಡುಗಳನ್ನು ಅಳೆದು, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಬಣ್ಣದ ಗೀಟು ಎಳೆಯುವುದು ನನ್ನ ಕೆಲಸ. ಕಣ್ಣಂದಾಜಿನಲ್ಲಿ ನಾನು ಒಂದು ತುಂಡನ್ನೂ ತಿರಸ್ಕರಿಸಿದವನಲ್ಲ. ಇದು ಹೆಮ್ಮೆಗೆ ಹೇಳಿದ್ದಲ್ಲ. ಕಬ್ಬಿಣಕ್ಕೆ ತೋರಿಸಿದ ನ್ಯಾಯವನ್ನು ಮನುಷ್ಯರಿಗೆ ತೋರಿಸಲಿಲ್ಲ ಎಂದು ತಿಳಿಯಲಿ ಅಂತ ಹೇಳಿದೆ.

ನಮ್ಮ ರಸ್ತೆಯವರದೊಂದು ವಾಟ್ಸಾಪ್ ಗ್ರೂಪು ಇದೆ. ನಲ್ಲಿ ನೀರು ಯಾವ ದಿನ ಬಿಡುತ್ತಾರೆಂದು ಒಬ್ಬರಿಗೊಬ್ಬರು ತಿಳಿಸಲು ಮಾಡಿಕೊಂಡದ್ದು. ನಾನು ದಿನಾ ಬೆಳಿಗ್ಗೆ ಅದರಲ್ಲಿ ಹೂವಿನ ಚಿತ್ರದ ಜೊತೆ ಒಂದು ಒಳ್ಳೆಯ ಮಾತು ಹಾಕುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎದುರುಮನೆಯ ಮೇಲಿನ ಪೋರ್ಷನ್ನಿಗೆ ಹೋದ ವರ್ಷ ಮಣಿಪುರದ ಕಡೆಯ ಇಬ್ಬರು ಅಕ್ಕತಂಗಿಯರು ಬಾಡಿಗೆಗೆ ಬಂದರು. ಅಕ್ಕ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸು. ತಂಗಿ ಓದುತ್ತಿದ್ದಳು. ಎದುರಾದಾಗಲೆಲ್ಲ ಅಕ್ಕ ತಲೆಬಾಗಿ "ನಮಸ್ಕಾರ ಅಜ್ಜಾ" ಅನ್ನುತ್ತಿದ್ದಳು. ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಅವಳ ಊರು ಯಾವುದೆಂದು ಕೇಳಲಿಲ್ಲ. ಮನೆಯೊಳಗೆ ಮಾತ್ರ 'ಆ ಚೀನಾದವು' ಎಂದೇ ಕರೆಯುತ್ತಿದ್ದೆ. ಹೆಂಡತಿ ಒಂದೆರಡು ಸಲ "ಚೀನಾದೋರಲ್ಲರೀ, ನಮ್ಮ ದೇಶದೋರೇ" ಅಂದಿದ್ದಳು. ನಾನು ನಕ್ಕಿದ್ದೆ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದಾಗ ಗಾಳಿಯಲ್ಲಿ ಕೆಟ್ಟ ವಾಸನೆ ಬಂತು. ಏನೋ ಕೊಳೆತು ಹುಳಿಯಾದ ವಾಸನೆ. ತಲೆ ಎತ್ತಿದೆ. ಎದುರು ಮಾಳಿಗೆಯ ಮೇಲೆ ಅಕ್ಕ ತಲೆಗೂದಲು ಒಣಗಿಸಿಕೊಳ್ಳುತ್ತಾ ನಿಂತಿದ್ದಳು. ಅಷ್ಟೇ ಸಾಕಾಯಿತು. ಫೋನ್ ಎತ್ತಿ ಅವಳ ಫೋಟೋ ತೆಗೆದೆ. ಕೆಳಗೆ ಬರೆದೆ: "ನಮ್ಮ ರಸ್ತೆಯಲ್ಲಿ ನಾಯಿ ಮಾಂಸ ಬೇಯುತ್ತಿದೆ. ಈ ಚಪ್ಪಟೆ ಮೂಗಿನವರಿಗೆ ವಾಸನೆ ಗೊತ್ತಾಗುವುದಿಲ್ಲ, ನಮಗೆ ಮೂಗಿದೆಯಲ್ಲ!"

ಅದು ನನಗೆ ಬಹಳ ಚೆಂದದ ಮಾತಾಗಿ ಕಂಡಿತು.

ಚಹಾ ಲೋಟ ಕೆಳಗಿಡುವಷ್ಟರಲ್ಲಿ ಹೆಬ್ಬೆರಳುಗಳು ಬರತೊಡಗಿದವು. ನಗುವ ಮುಖಗಳು ಬಂದವು. ಎಂದೂ ಮಾತಾಡದ ಮೂಲೆಮನೆಯ ಮೇಷ್ಟ್ರು "ಸರಿಯಾಗಿ ಹೇಳಿದ್ರಿ ಯಜಮಾನ್ರೇ" ಎಂದು ಬರೆದರು. ಇನ್ನೊಬ್ಬರು "ನಮ್ಮ ಬೆಕ್ಕು ಮೊನ್ನೆಯಿಂದ ಕಾಣ್ತಿಲ್ಲ, ಈಗ ಗೊತ್ತಾತು" ಅಂದರು. ನನಗೆ ವಯಸ್ಸು ಇಳಿದಂತಾಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳು ಕಣ್ಣೆದುರು ನಿಂತಿದ್ದರೆ ಆ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ, ನಾಲಿಗೆಗೆ ಅಷ್ಟು ನಾಚಿಕೆ ಇತ್ತು. ಹೆಬ್ಬೆರಳಿಗೆ ಇರಲಿಲ್ಲ. ಇಷ್ಟೊಂದು ದ್ವೇಷ ಎಲ್ಲಿಂದ ಬರುತ್ತದೆಂದು ಕೇಳುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ: ನನ್ನಲ್ಲಿ ಅದು ದ್ವೇಷವಾಗಿ ಬರಲಿಲ್ಲ, ಚಪ್ಪಾಳೆಯ ಆಸೆಯಾಗಿ ಬಂತು. ಆ ಹುಡುಗಿಗೆ ಮಾತ್ರ ಎರಡೂ ಒಂದೇ.

ಊಟಕ್ಕೆ ಕೂತಾಗ ಹೆಂಡತಿಗೆ ಜಂಬದಿಂದ ಓದಿ ತೋರಿಸಿದೆ. ಅವಳು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು.

"ಅಯ್ಯೋ, ಅದು ನಮ್ಮ ಗೋಧಿರೀ."

"ಯಾವ ಗೋಧಿ?"

"ಸಂಡಿಗೆಗೆ ನೆನೆ ಹಾಕಿಲ್ಲೇನು? ಮೂರು ದಿನ ಆತು. ಈ ಸಲ ಅಡಿಗೆಮನೆ ನಾರತೈತೆ ಅಂತ ಮಾಳಿಗಿ ಮ್ಯಾಲೆ ಇಟ್ಟೀನಿ. ಬೆಳಿಗ್ಗೆ ನೀರು ಚೆಲ್ಲಿದೆ. ಹುಟ್ಟಿದಾಗಿಂದ ಮೂಸೀರಿ, ಗೊತ್ತಾಗಲಿಲ್ಲೇನು ನಿಮಗೆ?"

ನಮ್ಮ ಕಡೆ ಗೋಧಿ ಹಾಲಿನ ಸಂಡಿಗೆ ಮಾಡದ ಮನೆ ಕಡಿಮೆ. ಗೋಧಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ರುಬ್ಬಿ ಹಾಲು ತೆಗೆಯಬೇಕು. ಆ ಮೂರು ದಿನ ಮನೆಯಲ್ಲಿ ಮೂಗು ಮುಚ್ಚದೆ ಇರಲಾಗದು. ನನ್ನ ತಾಯಿ ಮಾಡುತ್ತಿದ್ದಳು, ಅವಳ ತಾಯಿ ಮಾಡುತ್ತಿದ್ದಳು. ಎಪ್ಪತ್ತು ಬೇಸಿಗೆ ಮೂಸಿದ ವಾಸನೆ ಅದು. ಆದರೆ ಆ ಮುಖ ಕಣ್ಣಿಗೆ ಬಿದ್ದ ಕೂಡಲೇ ಮೂಗು ತನ್ನ ತಾಯಿಯ ಮನೆಯ ವಾಸನೆಯನ್ನೇ ಮರೆಯಿತು.

"ಈಗಲೇ ಗ್ರೂಪಿನಾಗ ಹಾಕ್ರಿ, ತಪ್ಪಾತು ಅಂತ" ಎಂದಳು.

"ಸಂಜೆ ಹಾಕ್ತೀನಿ ಬಿಡು."

ಸಂಜೆ ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ಅಷ್ಟು ಜನ ನಕ್ಕು ಮೆಚ್ಚಿದ ಮೇಲೆ 'ನಾರಿದ್ದು ನಮ್ಮ ಮನೆ' ಎಂದು ಹೇಗೆ ಬರೆಯುವುದು? ಮೂರನೆಯ ದಿನ ಎದುರುಮನೆಯ ಮಾಲೀಕ, ಭತ್ತದ ವ್ಯಾಪಾರಿ, ರಸ್ತೆ ದಾಟಿ ಬಂದು ಗೇಟಿನ ಮೇಲೆ ಕೈಯಿಟ್ಟು ನಿಂತ.

"ಆ ಹುಡುಗೇರಿಗೆ ಖಾಲಿ ಮಾಡ್ರಿ ಅಂದೀನ್ರಿ ಯಜಮಾನ್ರೇ. 'ನಾವೇನೂ ಬೇಯಿಸಿಲ್ಲ, ಅವತ್ತು ಮನೇನಾಗ ಒಲೆನೇ ಹಚ್ಚಿಲ್ಲ' ಅಂತಾವ. ಯಾವ ಕಳ್ಳ ಒಪ್ಕೋತಾನೆ ಹೇಳ್ರಿ? ನೀವು ಕಣ್ಣಾರೆ ನೋಡೀರಿ, ಹೌದಲ್ಲ?"

ಹೆಂಡತಿ ನನ್ನ ಹಿಂದೆಯೇ ಬಾಗಿಲಲ್ಲಿ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು.

ನಾನು "ಹ್ಞೂಂ" ಅಂದೆ.

ಆ ಭಾನುವಾರ ಒಂದು ಟಂಟಂ ಆಟೋದಲ್ಲಿ ಹಾಸಿಗೆ, ಎರಡು ಸೂಟ್‌ಕೇಸು, ಒಂದು ತುಳಸಿ ಕುಂಡ ಹೇರಿಕೊಂಡು ಅಕ್ಕತಂಗಿಯರು ಹೋದರು. ನಾನು ಕಿಟಕಿಯ ಪರದೆ ಎಳೆದುಕೊಂಡು ಒಳಗೆ ಕೂತಿದ್ದೆ. ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಒಣಹಾಕಿತ್ತು.

ಎರಡು ತಿಂಗಳ ಮೇಲೆ ಹಳೆಯ ಸಹೋದ್ಯೋಗಿಯೊಬ್ಬನನ್ನು ನೋಡಲು ಹರಿಹರಕ್ಕೆ ಹೊರಟೆ. ಮಧ್ಯಾಹ್ನದ ಬಸ್ಸು ತುಂಬಿತ್ತು. ಕಂಬಿ ಹಿಡಿದು ಓಲಾಡುತ್ತಿದ್ದಾಗ ಯಾರೋ "ಅಜ್ಜಾ, ಇಲ್ಲಿ ಕೂಡ್ರಿ" ಎಂದು ಎದ್ದರು. ಕೂತೆ. ಕೂತ ಮೇಲೆ ತಲೆ ಎತ್ತಿದೆ. ಅವಳೇ. ಆಸ್ಪತ್ರೆಯ ಬಟ್ಟೆಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು.

ದಾರಿಯಲ್ಲಿ ಬಾತಿ ಊರು ಬಂತು. ಅಲ್ಲಿ ಪಕ್ಕದವರು ಇಳಿದರು. ಅವಳು ನನ್ನ ಪಕ್ಕ ಕೂತಳು.

"ಎಲ್ಲಿಗೆ ಹೊಂಟೀಯಮ್ಮಾ?"

"ಮನೆಗೆ ಅಜ್ಜಾ. ಈಗ ಹರಿಹರದಾಗ ರೂಮು. ದಾವಣಗೆರೆನಾಗ ಯಾರೂ ಕೊಡ್ಲಿಲ್ಲ. ಫೋಟೋ ನೋಡಿದ್ರು ಎಲ್ಲಾ." ರೋಗಿಗಳಿಂದ ಕಲಿತ, ಥೇಟು ನಮ್ಮ ಊರಿನ ಕನ್ನಡ. "ದಿನಾ ಬಸ್ಸು. ತಂಗಿ ಓದು ಬಿಟ್ಟು ಊರಿಗೆ ಹೋದ್ಳು. ಭಯ ಅವಳಿಗೆ."

ಮೂವತ್ತೊಂದು ವರ್ಷ ನಾನು ಓಡಾಡಿದ ದಾರಿ. ಈಗ ಅವಳು ಅದರಲ್ಲೇ ಓಡಾಡುತ್ತಿದ್ದಳು, ನಾನು ಬರೆದ ಎರಡು ಸಾಲಿನ ದೆಸೆಯಿಂದ.

"ಅದನ್ನ ಬರೆದವನು ನಾನಮ್ಮಾ" ಎಂದೆ.

"ಗೊತ್ತು. ಓನರ್ ತೋರಿಸಿದ್ರು. ಮೇಲೆ ನಿಮ್ಮ ಸಣ್ಣ ಫೋಟೋ ಇತ್ತು, ವಿಭೂತಿ ಹಚ್ಕೊಂಡಿದ್ದು."

"ಗೊತ್ತಿದ್ದೂ ಸೀಟು ಬಿಟ್ಟುಕೊಟ್ಟೆಯಾ?"

"ಸೀಟು ನಿಮ್ಮ ವಯಸ್ಸಿಗೆ ಕೊಟ್ಟಿದ್ದು ಅಜ್ಜಾ. ನಿಮಗಲ್ಲ."

ಗೋಧಿಯ ಸಂಗತಿ ಹೇಳಿದೆ. ಅವಳು ಮುಖ ಗಂಟಿಕ್ಕಿಕೊಂಡು ಕೇಳಿದಳು, ನಂತರ ಒಮ್ಮೆಲೇ ನಕ್ಕಳು. ಅವರ ಊರಿನಲ್ಲೂ ಹುಳಿ ಬರಿಸುವ ಪದಾರ್ಥಗಳಿವೆಯಂತೆ, ಬಾಡಿಗೆ ಮನೆಯಲ್ಲಿ ಹೆದರಿ ಅವನ್ನು ಮಾಡುತ್ತಲೇ ಇರಲಿಲ್ಲವಂತೆ. ಗ್ರೂಪಿನಲ್ಲಿ ನಿಜ ಬರೆಯುತ್ತೇನೆ, ನೀವು ಪಾಪದವರು, ಏನೂ ಬೇಯಿಸಿರಲಿಲ್ಲ ಎಂದು ಬರೆಯುತ್ತೇನೆ ಅಂದೆ. ಅವಳ ನಗು ನಿಂತಿತು.

"ಹಂಗೆ ಬ್ಯಾಡ ಅಜ್ಜಾ. ನಾವು ಮೀನು ತಿಂತೀವಿ. ಒಣಗಿದ್ದೂ ತಿಂತೀವಿ. ಅದನ್ನೂ ಬರೀರಿ. ಬೇಯಿಸಿದ್ರೂ ಏನಾಗ್ತಿತ್ತು? ನನ್ನ ಮೂಗಿನ ಬಗ್ಗೆ ಬರೆದ್ರಲ್ಲ, ಅದಕ್ಕೆ ಗೋಧಿ ಕಾರಣ ಅಲ್ಲ."

ಹರಿಹರದಲ್ಲಿ ಇಳಿದಳು. ತಿರುಗಿ ನೋಡಲಿಲ್ಲ. ಸಹೋದ್ಯೋಗಿಯ ಮನೆಗೆ ಹೋಗದೆ ಅದೇ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ.

ಮನೆಗೆ ಬಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. 'ತಿಳಿಯದೆ ಆದ ತಪ್ಪು' ಎಂಬ ಮಾತು ಕೈಗೆ ತಾನಾಗಿ ಬರುತ್ತಿತ್ತು, ಅದನ್ನೂ ಅಳಿಸಿದೆ. ಬರೆದ ದಿನ ಮಧ್ಯಾಹ್ನವೇ ತಿಳಿದಿತ್ತಲ್ಲ. ಹೀಗೇ ನಾಲ್ಕು ದಿನ ಕಳೆಯಿತು. ಹೆಂಡತಿ ಸಂಡಿಗೆಯ ಡಬ್ಬಿಯನ್ನು ಮುಚ್ಚಳವೂ ತೆಗೆಯದೆ ಅಟ್ಟದ ಮೇಲಿಟ್ಟಿದ್ದಳು. "ನೀವು ಬರೆಯೋ ತನಕ ನಾನದನ್ನ ಕರಿಯಲ್ಲ" ಅಂದಳು. ಐದನೆಯ ದಿನ ಹಾಕಿಬಿಟ್ಟೆ. ನಾರಿದ್ದು ನಮ್ಮ ಗೋಧಿ, ನನಗೆ ಅಂದೇ ಗೊತ್ತಾಗಿತ್ತು, ಮಾಲೀಕರ ಮುಂದೆ ಸುಳ್ಳಾಡಿದೆ, ಅವರು ಮೀನು ತಿನ್ನುತ್ತಾರೆ, ತಿಂದರೆ ಅದು ತಪ್ಪಲ್ಲ, ಮುಖ ನೋಡಿ ಬರೆದದ್ದು ನನ್ನ ನೀಚತನ.

ಒಂದು ಹೆಬ್ಬೆರಳೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಬರೆದರು: "ನಾಳೆ ನೀರು ಬಿಡ್ತಾರಂತೇನ್ರಿ?" ಎದುರುಮನೆಯವ ಎದುರಿಗೆ ಸಿಕ್ಕರೂ ಈಗ ಮಾತಾಡುವುದಿಲ್ಲ. ಪೋರ್ಷನ್ನು ಬೇರೆಯವರಿಗೆ ಕೊಟ್ಟಾಗಿದೆ. ಅವಳು ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾಳೆ.

ಕಳೆದ ವಾರ ಶಾಮನೂರಿನ ನಮ್ಮ ಅಳಿಯನೊಬ್ಬ ನನಗೊಂದು ಫಾರ್ವರ್ಡ್ ಕಳಿಸಿದ. ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತಿರುವ ಹುಡುಗಿ. ಕೆಳಗೆ ನನ್ನದೇ ಮಾತು, 'ನಮ್ಮ ರಸ್ತೆ' ಎಂದಿದ್ದಲ್ಲಿ ಮಾತ್ರ ಯಾವುದೋ ಊರಿನ ಹೆಸರು. ಯಾವ ಯಾವ ಫೋನುಗಳಲ್ಲಿ ಸುತ್ತಿ ಬಂತೋ.

"ಇದನ್ನ ಬರೆದವನು ನಾನೇ. ನಾರಿದ್ದು ನಮ್ಮ ಮನೆ ಗೋಧಿ. ಅಳಿಸಪ್ಪಾ" ಎಂದು ಕಳಿಸಿದೆ.

"ಏನ್ ಮಾವ, ಚಲೋ ತಮಾಷೆ ಮಾಡ್ತೀರಿ" ಎಂದ, ನಗುವ ಮುಖ ಹಾಕಿ.

ತಮಾಷೆಯಲ್ಲ ಎಂದು ಬರೆದು, ಎಲ್ಲವನ್ನೂ ಮೊದಲಿನಿಂದ ಬರೆದು ಕಳಿಸಿದೆ. ಓದಿದನೆಂಬುದಕ್ಕೆ ಎರಡು ನೀಲಿ ಗುರುತು ಬಿದ್ದವು. ಉತ್ತರ ಬಂದಿಲ್ಲ.