ಹಿಮ್ಮಡಿ ನೆಲ ಮುಟ್ಟಬೇಕು

ನಾನು ಈ ಮನೆಗೆ ಮೊದಲ ಸಲ ಬಂದ ದಿನ ನನ್ನ ಅತ್ತೆ ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. ಮದುವೆಯ ಮಾತು ಇನ್ನೂ ಅರ್ಧದಲ್ಲಿತ್ತು. ಕಾಫಿ ಲೋಟ ನನ್ನ ಕೈಗಿಟ್ಟವರೇ ಸೊಂಟದಿಂದ ಟೇಪು ತೆಗೆದು, ನನ್ನ ಮುಂದೆ ನೆಲದ ಮೇಲೆ ಕೂತು, "ಕಾಲು ನೆಟ್ಟಗಿಡಮ್ಮ, ಹಿಮ್ಮಡಿ ಊರು" ಎಂದರು. ನಾನು ಬೆಪ್ಪಾಗಿ ಊರಿದೆ. ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆದು, "ಹದಿನೈದೂವರೆ" ಎಂದು ಅಂಗೈ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು ಒಳಗೆ ಹೋದರು. ನನ್ನ ಅಮ್ಮ ಗಾಬರಿಯಿಂದ ನನ್ನ ಕಿವಿಗೆ ಬಾಯಿಟ್ಟು, "ಇವರು ಸೊಸೆ ಹುಡುಕ್ತಿದಾರೋ, ಪೆಟ್ಟಿಗೆಗೆ ಅಳತೆ ತಗೋತಿದಾರೋ?" ಎಂದಳು.

ಅಮ್ಮನ ಮಾತು ತೀರ ಸುಳ್ಳೂ ಆಗಿರಲಿಲ್ಲ. ಅತ್ತೆ ಮೂವತ್ತೊಂದು ವರ್ಷ ಪೆಟ್ಟಿಗೆ ಮಾಡಿದವರು. ನೀರೆತ್ತುವ ಮೋಟಾರುಗಳ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವರ ಕೆಲಸ. ಒಂದೊಂದು ಮೋಟಾರಿಗೂ ಅದರದೇ ಅಳತೆಯ ಮರದ ಪೆಟ್ಟಿಗೆ. ಮೋಟಾರು ಒಳಗೆ ಅಲ್ಲಾಡಿದರೆ ಆ ಪೆಟ್ಟಿಗೆ ವಾಪಸ್. ಅತ್ತೆಯ ಒಂದು ಪೆಟ್ಟಿಗೆಯೂ ವಾಪಸ್ ಬಂದಿರಲಿಲ್ಲವಂತೆ. ಇದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಕೇಳದಿದ್ದರೆ ಎರಡು ಸಲ.

ಉಳಿದ ಮರದ ತುಂಡುಗಳನ್ನು ಗೇಟಿನಲ್ಲಿ ಚೀಟಿ ತೋರಿಸಿ ಮನೆಗೆ ತರುತ್ತಿದ್ದರು. ಅದರಲ್ಲಿ ಕುರ್ಚಿ ಮಾಡುತ್ತಿದ್ದರು. ಸುಮ್ಮನೆ ಅಲ್ಲ, ಮನೆಯಲ್ಲಿ ಏನಾದರೂ ಒಳ್ಳೆಯದು ನಡೆದರೆ ಒಂದು ಕುರ್ಚಿ. ಮಗನಿಗೆ ಕೆಲಸ ಸಿಕ್ಕಿತು, ಕುರ್ಚಿ. ಮಗಳು ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿದಳು, ಕುರ್ಚಿ. ಮದುವೆಯಾಗಿ ನಾನು ಬಂದಾಗ ಹದಿನೈದೂವರೆ ಇಂಚಿನ ಕುರ್ಚಿ ನನಗಾಗಿ ಕಾದಿತ್ತು. ಸೀಟಿನ ಅಡಿಯಲ್ಲಿ ಪೆನ್ಸಿಲಿನಲ್ಲಿ ನನ್ನ ಅಳತೆ, ತಾರೀಕು. ಅದರಲ್ಲಿ ಕೂತಾಗ ನನಗೆ ಆಶ್ಚರ್ಯವಾಯಿತು. ನಾನು ಕುಳ್ಳಿ. ಅಲ್ಲಿಯವರೆಗೂ ಯಾವ ಕುರ್ಚಿಯಲ್ಲಿ ಕೂತರೂ ನನ್ನ ಕಾಲು ಅರ್ಧ ನೇತಾಡುತ್ತಿತ್ತು, ಅದೇ ಸರಿ ಎಂದುಕೊಂಡಿದ್ದೆ.

"ಹಿಮ್ಮಡಿ ಎರಡೂ ನೆಲ ಮುಟ್ಟಬೇಕು. ಮುಟ್ಟದಿದ್ರೆ ಅದು ಕುರ್ಚಿ ಅಲ್ಲ, ಮರದ ಕೊಂಬೆ" ಎನ್ನುವುದು ಅತ್ತೆಯ ಕಾನೂನು. ಎಲ್ಲ ಕುರ್ಚಿಗೂ ಒಂದೇ ದಪ್ಪದ, ಎರಡಿಂಚು ಚೌಕದ ಕಾಲು. ಮಕ್ಕಳ ಕುರ್ಚಿಗೆ ಇನ್ನೊಂದು ವಿಶೇಷವಿತ್ತು. ಮಗು ಎದ್ದು ನಿಂತ ವರ್ಷ ಒಂದು ಪುಟ್ಟ ಕುರ್ಚಿ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ನಾಲ್ಕು ಕಾಲಿನ ತುದಿಗೆ ಒಂದೊಂದು ತುಂಡು ಕೂಡಿಸಿ ಕುರ್ಚಿಯನ್ನು ಎತ್ತರ ಮಾಡುತ್ತಿದ್ದರು. ಒಂದು ವರ್ಷ ಕೆಂಪು ಮರ, ಒಂದು ವರ್ಷ ಬಿಳಿಯದು. ನನ್ನ ಮಗಳ ಕುರ್ಚಿಗೆ ಆಗಲೇ ಐದು ಪಟ್ಟೆ ಬಿದ್ದಿದ್ದವು. ನಾಲಿಗೆ ಖಾರವೆಂದು ಮನೆಯಲ್ಲೆಲ್ಲ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುವುದು.

ಇಷ್ಟೆಲ್ಲ ಇದ್ದರೂ ದೀಪದ ಬುಡದಲ್ಲೇ ಕತ್ತಲೆ. ಮಾವನಿಗೆ ಕುರ್ಚಿ ಇರಲಿಲ್ಲ. ಮಾವ ಬಸ್ ಕಂಡಕ್ಟರ್ ಆಗಿದ್ದವರು; ನಿಂತು ನಿಂತೇ ನಿವೃತ್ತರಾದರು. ಮನೆಯಲ್ಲೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಊಟ. ಬಹಳ ದಣಿವಾದರೆ ಬಣ್ಣದ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಕೂರುವುದು. ಕುರ್ಚಿ ಮಾಡುತ್ತೇನೆ ಎಂದು ಅತ್ತೆ ಅಂದಾಗಲೆಲ್ಲ, "ಮೊದ್ಲು ಪ್ಯಾಸೆಂಜರಿಗೆ ಸೀಟು ಕಣೇ, ಆಮೇಲೆ ಕಂಡಕ್ಟರಿಗೆ" ಎಂದು ನಗುತ್ತಿದ್ದರು. ಅತ್ತೆಯೂ ನಕ್ಕು ಮುಂದಿನ ಪ್ಯಾಸೆಂಜರಿನ ಕುರ್ಚಿಗೆ ಕೈ ಹಚ್ಚುತ್ತಿದ್ದರು. ಹೀಗೆ ವರ್ಷಗಳು ಕಳೆದವು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಸಣ್ಣದು ಎಂದರು ಡಾಕ್ಟರು. ಅವರಿಗೇನು, ಬಲಗೈ ಹೋದದ್ದು ಅತ್ತೆಯದು. ಅವರು ಆಸ್ಪತ್ರೆಯಲ್ಲಿದ್ದಾಗಲೇ ಮೆಣಸಿನಕಾಯಿಗೆ ಏಳು ತುಂಬಿತು. ನಾವು ಕೇಕ್ ತಂದೆವು, ದೀಪ ಹಚ್ಚಿದೆವು, ಚಪ್ಪಾಳೆ ತಟ್ಟಿದೆವು. ಆಮೇಲೆ ಯಾರಾದರೂ ವಯಸ್ಸೆಷ್ಟು ಎಂದು ಕೇಳಿದರೆ ಅವಳು ಮುಖ ಊದಿಸಿಕೊಂಡು, "ಆರೇ. ನನ್ ಕುರ್ಚಿಗಿನ್ನೂ ಏಳಾಗಿಲ್ಲ" ಎನ್ನುತ್ತಿದ್ದಳು.

ಮನೆಗೆ ಬಂದ ಎರಡನೇ ತಿಂಗಳಿಗೇ ಅತ್ತೆ ಬಲಗೈಯಲ್ಲೇ ಗರಗಸ ಹಿಡಿದರು. ಬೇಡವೆಂದು ಎಲ್ಲರೂ ಬಡಿದುಕೊಂಡೆವು. ಹೇಗೋ ನಾಲ್ಕು ತುಂಡು ಕೊಯ್ದು ಕೂಡಿಸಿದರು. ಒಂದೊಂದು ಒಂದೊಂದು ಅಳತೆ. ಕುರ್ಚಿ ಕುಂಟಿತು, ಮಗು ಕೂತವಳು ಪಕ್ಕಕ್ಕೆ ಉರುಳಿದಳು. ಅವಳಿಗೆ ಏನೂ ಆಗಲಿಲ್ಲ, ಕಿಲಕಿಲ ನಕ್ಕಳು ಕೂಡ. ಅತ್ತೆ ನಗಲಿಲ್ಲ. ಆ ತುಂಡುಗಳನ್ನು ಕಿತ್ತು ಕಸದ ಬುಟ್ಟಿಗೆ ಎಸೆದು, ಗೋಡೆಗೆ ಮುಖ ಮಾಡಿ ಮಲಗಿದರು. ನನ್ನ ಗಂಡ ಉಳಿ, ಸುತ್ತಿಗೆ, ಗರಗಸ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. ಅಟ್ಟದ ಬಾಗಿಲು ಮುಚ್ಚಿದ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಅತ್ತೆಗೂ ಅದು ಕೇಳಿಸಿರಲೇಬೇಕು.

ಮೂರು ತಿಂಗಳಲ್ಲಿ ಅತ್ತೆ ಮಾವನ ಮದುವೆಗೆ ನಲವತ್ತು ವರ್ಷ ತುಂಬುವುದಿತ್ತು. ನನ್ನ ಗಂಡ ಮತ್ತು ನಾದಿನಿ ಒಂದು ಸಂಜೆ ಅಡುಗೆಮನೆಯಲ್ಲಿ ಗುಸುಗುಸು ಮಾತಾಡಿಕೊಂಡರು.

"ಅಪ್ಪಂಗೆ ಒಂದು ಒಳ್ಳೆ ಕುರ್ಚಿ ತಂದುಬಿಡೋಣ. ಮೆತ್ತೆ ಇರೋದು, ಹಿಂದಕ್ಕೆ ವಾಲೋದು" ಎಂದಳು ನಾದಿನಿ.

"ಅಮ್ಮಂಗೆ ಬೇಜಾರಾಗಲ್ವಾ?"

"ಅಮ್ಮನ ಕೈಲಿ ಇನ್ನು ಆಗುತ್ತೇನೋ?"

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ನಮ್ಮ ಮನೆಯ ಗೋಡೆಯ ಆಚೆ ಅತ್ತೆಯ ಹಾಸಿಗೆಯೇ ಇತ್ತು. ಎಳೆದ ಕಾಲಿನ ಸದ್ದಾಯಿತು, ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಕೊಂಡ ಕುರ್ಚಿ ಈ ಮನೆ ಹೊಸಿಲು ದಾಟಿದ್ರೆ ನಾನು ಹೊಸಿಲಿಂದ ಆಚೆ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಅಟ್ಟ ಹತ್ತು" ಎಂದರು.

ಅವನು ಹತ್ತಿದ. ಆ ದನಿಗೆ ಹತ್ತದೆ ಇರುವವರು ಯಾರು?

ಮರುದಿನದಿಂದ ಅತ್ತೆ ಮರಗೆಲಸ ಮಾಡುವ ಹಿಂದಿನ ಕೋಣೆಗೆ ಮಾವನ ಪ್ರವೇಶ ಬಂದ್. ಮೆಣಸಿನಕಾಯಿ ತನ್ನ ಪುಟ್ಟ ಕುರ್ಚಿ ಎಳೆದುಕೊಂಡು ಬಂದು, "ಮೊದ್ಲು ನಂದು" ಎಂದು ಹಠ ಹಿಡಿದಳು. ಅತ್ತೆ ಅವಳನ್ನು ಹತ್ತಿರ ಕರೆದರು. "ಒಂದ್ಸಲ ನಿನ್ನ ಬೀಳಿಸಿದೀನಿ ಮರಿ. ಎಡಗೈ ಪಳಗಲಿ. ಅಜ್ಜ ಗಟ್ಟಿಮುಟ್ಟು, ಬಿದ್ರೂ ಏನಾಗಲ್ಲ. ಅವರದು ಸರಿ ಬಂದ್ರೆ ಆವತ್ತೇ ನಿಂದು."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಕಟ್ಟಿದವರು ಅತ್ತೆಯನ್ನು ನೋಡಿರಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ ಅವರು ಎಡಗೈಗೆ ಒಂದನೇ ತರಗತಿಯ ಪಾಠ ಹೇಳಿದರು. ಮೊದಲ ವಾರ ಬರೀ ಹಳೆಯ ಮರದ ಮೇಲೆ ಗೆರೆ ಎಳೆದರು. ಎರಡನೇ ವಾರ ಗೆರೆಯ ಮೇಲೆ ಕೊಯ್ದರು. ಗರಗಸ ಎಲ್ಲೆಲ್ಲೋ ಹೋಗುತ್ತಿತ್ತು. ಮರವನ್ನು ಬೈದರು, ಗರಗಸವನ್ನು ಬೈದರು, ಬಾಗಿಲಲ್ಲಿ ನಿಂತ ನನ್ನನ್ನು ಬೈದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಛೇಡಿಸಿದರೆ, "ನೆಲಾನೂ ಡೊಂಕೇ, ನಿನ್ನ ಮೂತಿನೂ ಡೊಂಕೇ, ಈ ತುದಿ ಹಿಡ್ಕೋ" ಎನ್ನುತ್ತಿದ್ದರು. ಕಸರತ್ತು ಹೇಳಿಕೊಡಲು ಬರುತ್ತಿದ್ದ ಆಸ್ಪತ್ರೆಯ ಹುಡುಗಿ ರಬ್ಬರ್ ಚೆಂಡು ಕೊಟ್ಟು ಬಲಗೈಯಲ್ಲಿ ಹಿಸುಕಿ ಎಂದಿದ್ದಳು. ಅತ್ತೆ ಚೆಂಡನ್ನು ಮೊಮ್ಮಗಳಿಗೆ ಕೊಟ್ಟು, ಉಜ್ಜುಕಾಗದವನ್ನು ಬಲಗೈಗೆ ಸುತ್ತಿಕೊಂಡು ಮರ ಉಜ್ಜಿದರು. ಹುಡುಗಿ ಮೊದಲು ಮುನಿಸಿಕೊಂಡಳು, ಆಮೇಲೆ ಅತ್ತೆಯ ಬಲಗೈ ಬೆರಳು ಮಡಿಚಿಕೊಳ್ಳುತ್ತಿರುವುದನ್ನು ನೋಡಿ ಸುಮ್ಮನಾದಳು.

ಕಾಲಿಗೆ ಗುರುತು ಹಾಕುವ ದಿನ ನಾನು ಕೇಳಿದೆ, "ಅತ್ತೆ, ಮಾವನ ಅಳತೆ ತಗೊಂಡಿಲ್ವಲ್ಲ?"

"ನಲವತ್ತು ವರ್ಷ ಪಕ್ಕದಲ್ಲಿ ನಡೆದ ಕಾಲು. ಅದಕ್ಕೆ ಟೇಪು ಬೇರೆ ಕೇಡು! ಹದಿನೆಂಟು."

ನಾನು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಚೀಟಿ ನೋಡದೆ ಮಾತ್ರೆ ಕೊಡುವುದಿಲ್ಲ. ಮಾವ ಮಲಗಿದಾಗ ಒಮ್ಮೆ ಅಳೆದುಬಿಡೋಣ ಅನ್ನಿಸಿತು. ಆದರೆ ಅತ್ತೆಯ ಮುಖದಲ್ಲಿ ಎಷ್ಟೋ ತಿಂಗಳ ನಂತರ ಆ ಹಳೆಯ ಜಂಬ ಬಂದಿತ್ತು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ತಪ್ಪು ನನ್ನದೂ ಹೌದು.

ಆ ದಿನ ಬಂತು. ಮನೆಯವರೆಲ್ಲ ಇದ್ದರು, ಪಕ್ಕದ ಮನೆಯವರು ನಾಲ್ಕು ಜನ. ಒಲೆಯ ಮೇಲಿಂದ ಅಡುಗೆ ಆಗಷ್ಟೇ ಇಳಿದಿತ್ತು. ಅತ್ತೆ ಕುರ್ಚಿಯ ಮೇಲಿನ ಬಟ್ಟೆ ಎಳೆದರು. ಹಿಂದಿನ ಕುರ್ಚಿಗಳಷ್ಟು ನಯವಿರಲಿಲ್ಲ. ಅಲ್ಲಲ್ಲಿ ಗರಗಸ ಅಡ್ಡದಾರಿ ಹಿಡಿದ ಗುರುತಿತ್ತು. ಆದರೆ ಗಟ್ಟಿಯಾಗಿತ್ತು, ಅಗಲವಾದ ಕೈಗಳಿದ್ದವು. ಮಾವ ಅದರ ಸುತ್ತ ಒಂದು ಸುತ್ತು ಬಂದು, "ಸೀಟು ಖಾಲಿ ಇದೆಯೇನ್ರೀ?" ಎಂದು ಎಲ್ಲರನ್ನೂ ನಗಿಸಿ, ಕೂತರು.

ಎಲ್ಲರ ಕಣ್ಣೂ ಅಭ್ಯಾಸದಂತೆ ಅವರ ಹಿಮ್ಮಡಿಗೆ ಹೋಯಿತು. ಅದು ನೆಲದಿಂದ ಮೇಲಿತ್ತು. ಮಾವ ತುದಿಬೆರಳು ಚಾಚಿ ಹೇಗೋ ನೆಲ ಸಿಕ್ಕಿಸಿಕೊಂಡು, ಏನೂ ಆಗದವರಂತೆ ನಗುತ್ತಿದ್ದರು. ಮೆಣಸಿನಕಾಯಿಗೆ ಅಷ್ಟು ದಾಕ್ಷಿಣ್ಯ ಎಲ್ಲಿಂದ ಬರಬೇಕು? "ಅಜ್ಜಂಗೆ ಮುಟ್ಟಲ್ಲ!" ಎಂದು ಕೂಗಿದಳು.

ಅತ್ತೆ ಟೇಪು ತೆಗೆದು ಮಾವನ ಮುಂದೆ ಕೂತರು. ಅಳೆದರು. ಇನ್ನೊಮ್ಮೆ ಅಳೆದರು. "ಹದಿನೇಳು" ಎಂದರು. ಮೂವತ್ತೊಂದು ವರ್ಷದಲ್ಲಿ ಒಂದು ಪೆಟ್ಟಿಗೆಯೂ ವಾಪಸ್ ಬರದವರಿಗೆ ಮನೆಯವರ ಮುಂದೆಯೇ ಕುರ್ಚಿ ವಾಪಸ್ ಬಂದಿತ್ತು.

"ಇರಲಿ ಬಿಡೇ" ಎಂದರು ಮಾವ. "ನಲವತ್ತು ವರ್ಷದಲ್ಲಿ ಇವತ್ತು ನನ್ನನ್ನ ಎತ್ತರದಲ್ಲಿ ಕೂರಿಸಿದೀಯ. ಹೀಗೇ ಚೆನ್ನಾಗಿದೆ."

"ಇಳೀರಿ."

"ಊಟ ಆರುತ್ತೆ ಅಮ್ಮ, ನಾಳೆ ನಾನೇ ಕೊಯ್ದು..." ಎಂದ ನನ್ನ ಗಂಡ.

"ನೀನು ಕೈ ಹಚ್ಚಿದ್ರೆ ನೋಡು. ತಪ್ಪು ನಂದು, ಗರಗಸ ನಂದು. ರೀ, ಇಳೀರಿ ಅಂದೆ."

ಕುರ್ಚಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು. ಅತ್ತೆ ಒಂದಿಂಚು ಒಳಗೆ ಗೆರೆ ಎಳೆದು, ಎಡಗೈಯಲ್ಲಿ ಗರಗಸ ಹಿಡಿದರು. ಮಾವ ಎರಡೂ ಕೈಯಲ್ಲಿ ಕಾಲನ್ನು ಅದುಮಿ ಹಿಡಿದು, "ರೈಟ್!" ಎಂದರು. ಯಾರೂ ನಗಲಿಲ್ಲ. ಗರಗಸ ಮೊದಲು ಜಾರಿತು. ಅತ್ತೆ ಗೆರೆಯ ಪಕ್ಕದಲ್ಲಿ ಬಲಗೈ ಇಟ್ಟರು. ಆ ಕೈ ನಡುಗುತ್ತಿತ್ತು, ಆದರೂ ಮರವನ್ನು ಬಿಡಲಿಲ್ಲ. ಮೊದಲ ಕಾಲಿಗೆ ಕಾಲು ಗಂಟೆ ಹಿಡಿಯಿತು. ಎರಡನೆಯದರ ಹೊತ್ತಿಗೆ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಪಕ್ಕದ ಮನೆಯವರು ಊಟಕ್ಕೆಂದು ಹಿಡಿದಿದ್ದ ತಟ್ಟೆ ಕೆಳಗಿಟ್ಟರು. ಇದೂ ಕುಂಟಿದರೆ ಇವರು ಇನ್ನು ಗರಗಸ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ದೇವರೇ, ಇದೊಂದು ಸಲ ಸರಿ ಬರಲಿ ಎಂದುಕೊಂಡೆ.

ನಾಲ್ಕನೆಯ ತುಂಡು ಬಿತ್ತು. ಕುರ್ಚಿಯನ್ನು ನೆಲಕ್ಕಿಳಿಸಿ ಅತ್ತೆ ಒಂದೊಂದು ಮೂಲೆಯನ್ನೂ ಒತ್ತಿ ನೋಡಿದರು. ಅಲ್ಲಾಡಲಿಲ್ಲ. ಮಾವ ಕೂತರು. ಎರಡು ಹಿಮ್ಮಡಿಯೂ ನೆಲದ ಮೇಲೆ ಪೂರ್ತಿ ಕೂತವು. ಮಾವ ಕುರ್ಚಿಯ ಕೈಗಳನ್ನು ಸವರುತ್ತ ಕೂತುಬಿಟ್ಟರು.

ಕುರ್ಚಿಯ ಅಡಿಯಲ್ಲಿ ಹದಿನೆಂಟು ಎಂದು ಬರೆದದ್ದು ನೆನಪಾಗಿ ನಾನು ರಬ್ಬರ್ ತಂದೆ. ಅತ್ತೆ ಕೈ ಅಡ್ಡ ಹಿಡಿದರು. "ಅದು ಇರಲಿ. ಪಕ್ಕದಲ್ಲಿ ಹದಿನೇಳು ಬರಿ. ನನ್ನ ಕಣ್ಣಿಗೆ ಅವರು ಯಾವಾಗ್ಲೂ ಅಷ್ಟೆತ್ತರವೇ ಇದ್ರು ಕಣೇ, ಏನ್ ಮಾಡ್ಲಿ."

ಮಾವನಿಗೆ ಅದು ಕೇಳಿಸಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅಷ್ಟರಲ್ಲಿ ನೆಲದಲ್ಲಿ ಏನೋ ಎಳೆದ ಸದ್ದು. ಮೆಣಸಿನಕಾಯಿ ತನ್ನ ಪಟ್ಟೆ ಕುರ್ಚಿಯನ್ನು ಎಳೆದು ತಂದಿದ್ದಳು. ಮೇಜಿನ ಕೆಳಗೆ ಬಿದ್ದಿದ್ದ ನಾಲ್ಕು ತುಂಡುಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ಕಾಲಿನ ಅಡಿಗೆ ಇಟ್ಟು ನೋಡುತ್ತಿದ್ದಳು. ಎರಡಿಂಚಿನ ಕಾಲಿಗೆ ಎರಡಿಂಚಿನ ತುಂಡು ಸರಿಯಾಗಿ ಕೂತಿತ್ತು. "ಅಜ್ಜಿ, ಅಜ್ಜಂಗೆ ಹೆಚ್ಚಾಗಿದ್ದು ನಂಗೆ ಕೊಡು" ಎಂದಳು.

ಅತ್ತೆ ಅವಳ ಕಾಲು ಅಳೆದರು. ತುಂಡುಗಳನ್ನು ಅಳೆದರು. ನನ್ನ ಕಡೆ ತಿರುಗಿ, "ಗೋಂದು ತಗೊಂಡು ಬಾ, ಸ್ಕ್ರೂನೂ ತಾ" ಎಂದರು. ಊಟ ಪೂರ್ತಿ ಆರಿ ತಣ್ಣಗಾಗಿತ್ತು, ಆದರೂ ಯಾರೂ ಎಲ್ಲಿಗೂ ಹೋಗಲಿಲ್ಲ. ಕೆಲಸ ಮುಗಿದ ಮೇಲೆ ಮಗು ಅಜ್ಜನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತು, ಬಗ್ಗಿ ತನ್ನ ಹಿಮ್ಮಡಿ ನೋಡಿಕೊಂಡಳು, ಆಮೇಲೆ ಅಜ್ಜನದು ನೋಡಿದಳು. ಪಕ್ಕದ ಮನೆಯಾಕೆ ನಗುತ್ತ ವಯಸ್ಸೆಷ್ಟು ಪುಟ್ಟಿ ಎಂದು ಕೇಳಿದರು.

"ಏಳು" ಎಂದಳು.