ಸೂಜಿ ಅಕ್ಕ ಹೋದ ಮನೆ

ಗಿರಾಕಿಗಳ ಇಂಗ್ಲಿಷನ್ನು ಯಾರಾದರೂ ನಂಬುತ್ತಾರೆಯೇ? ಸೂಜಿ ಅಕ್ಕ ನಂಬಿದಳು. ಬಟ್ಟೆ ರಿಪೇರಿ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತ, ಅವರ ಬಾಯಿಂದ ಬಿದ್ದ ಮಾತನ್ನೆಲ್ಲ ಕಾಗದದ ಚೂರುಗಳಲ್ಲಿ ಬರೆದಿಡುತ್ತಿದ್ದಳು. ಮಷೀನಿನ ಸದ್ದಿಗೆ ಅವೆಲ್ಲ ತಲೆಯೊಳಗೆ ತೇಲಾಡುತ್ತಿದ್ದವು. ಅರ್ಥವಾದದ್ದು ಅರ್ಧ, ಆಗದ್ದು ಅರ್ಧ.

ಪರದೇಶದಲ್ಲಿದ್ದ ತಮ್ಮನ ಮನೆಗೆ ಬಂದು ಏಳು ತಿಂಗಳಾದರೂ ಬೇರೊಬ್ಬರ ಹೊಸ್ತಿಲು ತುಳಿದಿರಲಿಲ್ಲ. ಅದೇ ಅವಳ ಕೊರಗು. ಹೀಗಿರುವಾಗ ಬೂದು ಕೋಟು ರಿಪೇರಿಗೆ ಕೊಟ್ಟಿದ್ದ ಮುದುಕಿಯೊಬ್ಬಳು ಅದನ್ನು ಒಯ್ಯುವಾಗ, "ಡ್ರಾಪ್ ಇನ್ ಎನಿಟೈಮ್" ಅಂದಳು. ಅಂಗಡಿಯ ರಸೀದಿಯಲ್ಲಿ ಅವಳ ವಿಳಾಸವೂ ಇತ್ತು.

"ಡ್ರಾಪ್ ಅಂದ್ರೆ ಬೀಳೋದು, ಇನ್ ಅಂದ್ರೆ ಒಳಗೆ. ಎಲ್ಲಿಗೆ ಬೀಳೋದು, ಬಾವಿಗಾ?" ಅಂತ ತಮ್ಮನನ್ನು ಕೇಳಿದಳು.

ಟ್ಯಾಕ್ಸಿ ಓಡಿಸಿ ಊರೆಲ್ಲ ಕಂಡಿದ್ದ ತಮ್ಮ ನಕ್ಕ. "ಯಾವಾಗ ಬೇಕಾದ್ರೂ ಮನೆಗೆ ಬಾ ಅಂತ ಅಕ್ಕಾ. ಆದ್ರೆ ಅದು ಬರೀ ಬಾಯುಪಚಾರ. ಹೋಗಿ ಮರ್ಯಾದೆ ಕಳ್ಕೋಬೇಡ."

"ಬರಬೇಡ ಅನ್ನೋಕೆ ಬಾ ಅಂತಾರೇನೋ? ಒಳ್ಳೆ ಕಥೆ!"

ಅಂದಳೇನೋ ನಿಜ, ಆಮೇಲೆ ಕಾಗದದ ಚೂರುಗಳನ್ನೆಲ್ಲ ತೆಗೆದು ನೋಡಿದಳು. ಅದು ಬರೀ ಬಾಯುಪಚಾರವಾದರೆ, ಬರೆದಿಟ್ಟ ಒಳ್ಳೆಯ ಮಾತುಗಳೆಲ್ಲ ಸುಳ್ಳೇ ಹಾಗಾದರೆ?

ಭಾನುವಾರ ಮಧ್ಯಾಹ್ನ ಹೊರಟಳು. ಮಂದ ಬಿಸಿಲಿಗೆ ಬೀದಿಯೇ ತೂಕಡಿಸುತ್ತಿತ್ತು. ಚೂರುಗಳಿಂದ ಆಯ್ದ ಏಳು ಇಂಗ್ಲಿಷ್ ವಾಕ್ಯ ಉರು ಹೊಡೆಯುತ್ತ, ನಿದ್ದೆಯಲ್ಲಿ ನಡೆದವಳಂತೆ ಮೂರು ಮಹಡಿ ಹತ್ತಿ ಕರೆಗಂಟೆ ಒತ್ತಿದಳು.

ಬಾಗಿಲು ತೆರೆದ ಮುದುಕಿ ಕಕ್ಕಾಬಿಕ್ಕಿಯಾಗಿ ಅಕ್ಕನ ಕೊರಳನ್ನೇ ನೋಡಿದಳು. ಅಯ್ಯೋ ಕರ್ಮವೇ! ಮನೆ ಬಿಡುವಾಗ ಅಭ್ಯಾಸಬಲದಿಂದ ಅಳತೆ ಟೇಪು ಕೊರಳಿಗೇರಿ ಕೂತಿತ್ತು.

"ಅಳತೆಗೆ ಬಂದ್ರಾ? ಈಗ ನಾನೇನೂ ಹೊಲಿಯೋಕೆ ಕೊಟ್ಟಿಲ್ವಲ್ಲ," ಅಂತ ಮುದುಕಿ ಇಂಗ್ಲಿಷಿನಲ್ಲಿ ಕೇಳಿದಳು.

ಹೌದು ಅಂದುಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಏಳು ವಾಕ್ಯಗಳೂ ಕೈಕೊಟ್ಟಿದ್ದವು. ಆದರೂ ಅಕ್ಕ ಟೇಪನ್ನು ಕೊರಳಿಂದ ತೆಗೆದು ಚೀಲಕ್ಕೆ ತುರುಕಿದಳು. "ನೋ ವರ್ಕ್. ಐ ಕಮ್," ಅಂದಳು. ಕೆಲಸಕ್ಕಲ್ಲ, ಸುಮ್ಮನೆ ಬಂದೆ, ಅಂತ.

ಮುದುಕಿ ಬಾಗಿಲು ಅಗಲಿಸಿ ಒಳಗೆ ಕರೆದಳು. ಮೇಜಿನ ಪಕ್ಕ ಎರಡು ಕುರ್ಚಿ. ಒಂದರ ಮೇಲೆ ಹಳೇ ಪೇಪರುಗಳ ರಾಶಿ, ಧೂಳು ತಿಂದು ಹಳದಿಯಾಗಿತ್ತು. ಎಷ್ಟು ವರ್ಷದಿಂದ ಹಾಗೇ ಇತ್ತೋ! ಮುದುಕಿ ಅದನ್ನು ಕಂತೆಕಂತೆಯಾಗಿ ನೆಲಕ್ಕಿಳಿಸಿದಳು. ಅಕ್ಕ ಸಹಾಯಕ್ಕೆ ಬಂದರೆ ಬೇಡವೆಂದು ಕೈಯಲ್ಲಾಡಿಸಿದಳು. ಕೊನೆಗೆ ತನ್ನ ಅಂಗಿಯ ತೋಳಿನಿಂದಲೇ ಕುರ್ಚಿ ಒರೆಸಿ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಬನ್ನಿ ಅಂತ ಎಷ್ಟೋ ಜನಕ್ಕೆ ಹೇಳಿದೀನಿ," ಅಂದಳು. "ಬಂದಿದ್ದು ನೀವೊಬ್ಬರೇ."

ಸೂಜಿ ಅಕ್ಕ ಕೂತಳು.